ಶನಿವಾರದ ಸದಸ್ಯೆ

ಜೂನ್ ೩

ಪ್ರೀತಿಯ ಅಕ್ಕ,

ಅಂಗಡಿ ಹೇಗೆ ನಡೆಯುತ್ತಿದೆ ಅಂತ ಕೇಳಿದ್ದೀಯ. ನಡೆಯುತ್ತಿಲ್ಲ, ತೆವಳುತ್ತಿದೆ. ಒಂದು ಕಾಲದಲ್ಲಿ ಶನಿವಾರ ಸಂಜೆ ಇಲ್ಲಿ ಕಾಲಿಡುವುದಕ್ಕೆ ಜಾಗವಿರುತ್ತಿರಲಿಲ್ಲ. ಒಂದೇ ಕ್ಯಾಸೆಟ್ಟನ್ನು ಇಬ್ಬರು ಹಿಡಿದು ಎಳೆದಾಡುತ್ತಿದ್ದಾಗ ನೀನೇ ಬಿಡಿಸಿ ಕಳಿಸಿದ್ದೆ. ಈಗ ಅದೇ ಜನ ಬಾಗಿಲಲ್ಲಿ ಇಣುಕಿ, "ಓ, ಇನ್ನೂ ಇದ್ದೀರಾ?" ಅಂತ ಕೇಳಿ ಹೋಗುತ್ತಾರೆ, ಆಸ್ಪತ್ರೆಯಲ್ಲಿ ರೋಗಿಯನ್ನು ಮಾತಾಡಿಸಿಕೊಂಡು ಹೋಗುವ ಹಾಗೆ. ಈಗ ಎಲ್ಲರ ಮನೆಯ ಟಿವಿಯೇ ಒಂದು ವೀಡಿಯೋ ಅಂಗಡಿ. ಗುಂಡಿ ಒತ್ತಿದರೆ ಬೇಕಾದ ಸಿನಿಮಾ ಬರುತ್ತದಂತೆ. ಮಳಿಗೆಯ ಮಾಲೀಕರು ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಖಾಲಿ ಮಾಡಿಕೊಡಿ ಅಂದರು. ಔಷಧಿ ಅಂಗಡಿ ಬರುತ್ತದಂತೆ. ನಾನು ಜಗಳವಾಡಲಿಲ್ಲ. ಯಾವತ್ತು ಆಡಿದ್ದೇನೆ?

ಈ ಕಾಗದ ಬರೆಯಲು ಕೂತದ್ದು ಅದಕ್ಕಲ್ಲ. ಒಬ್ಬ ಹೆಂಗಸಿನ ವಿಷಯ.

ಆಕೆ ಪ್ರತಿ ಶನಿವಾರ ಮಧ್ಯಾಹ್ನ ಬರುತ್ತಾಳೆ. ಮೂವತ್ತು ದಾಟಿರಬಹುದು. ಬಂದವಳೇ ಕಪಾಟುಗಳ ಮುಂದೆ ನಿಲ್ಲುತ್ತಾಳೆ, ಡಬ್ಬಿಗಳನ್ನು ತೆಗೆದು ನೋಡುತ್ತಾಳೆ, ಇಡುತ್ತಾಳೆ. ಮೊದಮೊದಲು ಸಿನಿಮಾ ಹುಚ್ಚು ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಅವಳು ಡಬ್ಬಿಯ ಚಿತ್ರವನ್ನೂ ನೋಡುವುದಿಲ್ಲ, ಹೆಸರನ್ನೂ ಓದುವುದಿಲ್ಲ. ಸುಮ್ಮನೆ ನಿಂತಿರುತ್ತಾಳೆ, ಓಡಿ ಬಂದವರು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರಲ್ಲ, ಹಾಗೆ. ಆಮೇಲೆ ನನ್ನ ಮೇಜಿನ ಮೇಲಿನ ಫೋನಿನಿಂದ ತಾಯಿಗೆ ಮಾತಾಡುತ್ತಾಳೆ. ಚೆನ್ನಾಗಿದ್ದೀನಮ್ಮ, ಊಟ ಆಯ್ತಮ್ಮ, ಇಷ್ಟೇ. ಹೋಗುವಾಗ ಒಂದು ಡಿವಿಡಿ ಕೊಡಿ ಅನ್ನುತ್ತಾಳೆ. "ಯಾವುದು?" ಅಂದರೆ, "ಉದ್ದ ಇರೋದು ಯಾವುದಾದ್ರೂ" ಅನ್ನುತ್ತಾಳೆ.

ಮೊನ್ನೆ ಧೈರ್ಯ ಮಾಡಿ, "ನಿಮ್ಮ ಹತ್ರ ಫೋನಿಲ್ವಾ?" ಅಂದೆ.

"ಇದೆ. ಅವರ ಹತ್ರ ಇರುತ್ತೆ," ಅಂದಳು. ಡಿವಿಡಿಯನ್ನು ಚೀಲಕ್ಕೆ ಹಾಕುತ್ತಾ, "ಸಿನಿಮಾ ತರೋಕೆ ಮಾತ್ರ ಒಬ್ಬಳನ್ನೇ ಕಳಿಸ್ತಾರೆ. ಅವರಿಗೆ ಭಾನುವಾರ ಸಿನಿಮಾ ಬೇಕೇ ಬೇಕು" ಅಂತ ಸೇರಿಸಿದಳು. ಹೇಳಿಯಾದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದ ಹಾಗೆ ಬೆಚ್ಚಿ, ಬಾಗಿಲ ಕಡೆ ನೋಡಿದಳು.

ನಾನೂ ನೋಡಿದೆ. ಯಾರೂ ಇರಲಿಲ್ಲ. ಆದರೂ ನನ್ನ ಎದೆ ಯಾಕೋ ಢವಢವ ಅಂದಿತು ಅಕ್ಕ.

ನಿನ್ನ
ತಮ್ಮ


ಜೂನ್ ೧೪

ಪುಕ್ಕಲ ತಮ್ಮನಿಗೆ,

ಎಲೆ ಅಲ್ಲಾಡಿದರೂ ನಿನ್ನ ಎದೆ ಢವಢವ ಅನ್ನುತ್ತದೆ, ಅದರಲ್ಲೇನು ಹೊಸದು. ಚಿಕ್ಕವನಿದ್ದಾಗ ನಮ್ಮ ಮನೆಯ ಬೆಕ್ಕು ಸೀನಿದರೆ ಮಂಚದ ಕೆಳಗೆ ಹೋಗುತ್ತಿದ್ದವನು ನೀನು.

ಆದರೆ ಈ ಸಲ ನಗು ಬರಲಿಲ್ಲ. ಕಾಗದವನ್ನು ಎರಡು ಸಲ ಓದಿದೆ. ನನ್ನ ಹತ್ತಿರ ಹೊಲಿಗೆಗೆ ಬರುವ ಹುಡುಗಿಯರಲ್ಲೂ ಇಂಥ ಒಬ್ಬಳಿದ್ದಳು. ಯಾರಾದರೂ ಜೋರಾಗಿ ಕತ್ತರಿ ಇಟ್ಟರೆ ಸಾಕು, ಹೆಗಲು ಕಿವಿಯವರೆಗೆ ಏರುತ್ತಿತ್ತು. ಏನಾಗಿದೆ ಅಂತ ನಾವು ಕೇಳುವುದರೊಳಗೆ ಕೆಲಸ ಬಿಟ್ಟಳು. ಬಿಟ್ಟಳೋ ಬಿಡಿಸಿದರೋ.

ನೀನು ಆ ಹೆಂಗಸನ್ನು ಕೆದಕಬೇಡ. ಅವಳು ಬಂದಾಗ ಬಾಗಿಲ ಕಡೆ ಮುಖ ಮಾಡಿ ಕೂತುಕೋ, ಅಷ್ಟು ಸಾಕು. ಅವಳು ಬೆನ್ನು ತಿರುಗಿಸಿ ನಿಶ್ಚಿಂತೆಯಾಗಿ ನಿಲ್ಲಲಿ.

ಫೋನು ಮಾಡುತ್ತೇನೆ ಅಂತ ನೀನು ಹಿಂದೊಮ್ಮೆ ಬರೆದಿದ್ದೆ. ಮಾಡಬೇಡ ಮಾರಾಯ. ನನ್ನ ಕಿವಿಗೆ ಫೋನಿನಲ್ಲಿ ಎಲ್ಲರೂ ಜೇನುಹುಳಗಳೇ. ಕಾಗದವೇ ಸರಿ. ಸಮವಸ್ತ್ರಗಳ ಕೆಲಸ ತಲೆಯ ಮೇಲಿದೆ, ಶಾಲೆಗಳು ಶುರುವಾದವಲ್ಲ. ಅಂಗಡಿ ಮುಗಿದ ಮೇಲೆ ಇಲ್ಲಿಗೇ ಬಂದುಬಿಡು. ಮೇಲಿನ ಕೋಣೆ ಖಾಲಿ ಇದೆ, ಗುಂಡಿ ಹೊಲಿಯುವುದನ್ನು ನಾನು ಕಲಿಸುತ್ತೇನೆ.

ನಿನ್ನ
ಅಕ್ಕ


ಜುಲೈ ೭

ಪ್ರೀತಿಯ ಅಕ್ಕ,

ಆಕೆಯ ಗಂಡ ಅಂಗಡಿಗೆ ಬಂದಿದ್ದರು.

ಹೆಂಡತಿಗೆ ಹೊಡೆಯುವವರು, ಕಾಡುವವರು ನೋಡಲು ಹೇಗಿರುತ್ತಾರೆ ಅಂತ ನನಗೊಂದು ಕಲ್ಪನೆ ಇತ್ತು. ಅದಕ್ಕೆ ಅವರು ಯಾವ ಕಡೆಯಿಂದಲೂ ಹೊಂದುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವ ಕೆಲಸವಂತೆ. ಒಳಗೆ ಬರುವ ಮೊದಲು ಚಪ್ಪಲಿಯ ಧೂಳು ಕೊಡವಿದರು. ಡಿವಿಡಿಯನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, "ಇದೇ ಕೊನೇದು ಸಾರ್. ಮನೆಗೆ ಹೊಸ ಟಿವಿ ಬಂತು. ಎಲ್ಲಾ ಸಿನಿಮಾನೂ ಅದರಲ್ಲೇ ಬರುತ್ತೆ. ಇನ್ನು ಅವಳಿಗೂ ಅಲೆದಾಟ ತಪ್ಪಿತು" ಅಂದರು.

"ಒಳ್ಳೇದಾಯ್ತು," ಅಂದೆ. ಇನ್ನೇನು ಅನ್ನಲಿ?

ಅವರು ಹೋಗಲಿಲ್ಲ. ಕಪಾಟುಗಳನ್ನು ನೋಡಿದರು. ಆಮೇಲೆ ಫೋನನ್ನು ನೋಡಿದರು. ಅದರ ವೈರು ಗೋಡೆಯವರೆಗೆ ಎಲ್ಲಿ ಹೋಗಿದೆ ಅಂತಲೂ ನೋಡಿದರು. "ಅವಳು ಇಲ್ಲಿ ಎಷ್ಟು ಹೊತ್ತು ಇರ್ತಿದ್ಲು?"

"ಬಂದ್ರು, ತಗೊಂಡ್ರು, ಹೋದ್ರು. ಅಷ್ಟೇ," ಅಂದೆ.

"ಮನೆಯಿಂದ ಇಲ್ಲಿಗೆ ಅಷ್ಟು ದೂರ ಇಲ್ಲ, ಅದಕ್ಕೆ ಕೇಳ್ದೆ," ಅಂತ ನಕ್ಕರು. ಒಳ್ಳೆಯ ನಗು ಅಕ್ಕ. ಅದೇ ನನ್ನನ್ನು ಕಂಗಾಲು ಮಾಡಿದ್ದು. ಅವರು ಹೋದ ಮೇಲೆ ನೋಡಿದರೆ, ಧೂಳು ಒರೆಸಲು ಹಿಡಿದಿದ್ದ ಬಟ್ಟೆಯನ್ನು ನಾನು ಹಗ್ಗದ ಹಾಗೆ ಹೊಸೆದುಬಿಟ್ಟಿದ್ದೆ.

ಆ ಶನಿವಾರ ಅವಳು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಆದರೆ ಅವಳು ಬರುವ ಹೊತ್ತಿಗೆ ಸರಿಯಾಗಿ ಫೋನು ರಿಂಗಾಯಿತು. ವಯಸ್ಸಾದ ಹೆಂಗಸಿನ ದನಿ. "ಅಲ್ಲಿ ನನ್ನ ಮಗಳು ಬಂದಿದ್ದಾಳೇನಪ್ಪಾ? ಶನಿವಾರ ಶನಿವಾರ ಈ ನಂಬರಿನಿಂದಲೇ ಮಾತಾಡ್ತಿದ್ಲು. ಅವಳ ಮೊಬೈಲಿಗೆ ಮಾಡಿದ್ರೆ ಅಳಿಯಂದಿರೇ ಎತ್ತಿ, ಮಲಗಿದ್ದಾಳೆ ಅಂತಾರೆ. ಯಾವಾಗ ಮಾಡಿದ್ರೂ ಮಲಗಿದ್ದಾಳೆ. ಮೈ ಹುಷಾರಿಲ್ವಾ ಅವಳಿಗೆ?"

ನನಗೆ ಗೊತ್ತಿಲ್ಲಮ್ಮ ಅಂದೆ. ನಿಜವಾಗಿ ಗೊತ್ತಿಲ್ಲ ತಾನೇ? ಗೊತ್ತಿಲ್ಲದ ಮೇಲೆ ಯಾಕೆ ಈ ಹೆದರಿಕೆ?

ನಿನ್ನ
ತಮ್ಮ


ಜುಲೈ ೧೮

ತಮ್ಮಾ,

ಸದಸ್ಯರ ಕಾರ್ಡಿನಲ್ಲಿ ಅವರ ಮನೆಯ ವಿಳಾಸ ಇರುತ್ತದಲ್ಲ. ಹೋಗಿ ನೋಡಿಕೊಂಡು ಬಾ. ಅಂಗಡಿ ಮುಚ್ಚುತ್ತಿದ್ದೇವೆ, ಹಳೆಯ ಸದಸ್ಯರಿಗೆ ಒಂದೊಂದು ಸಿನಿಮಾ ಉಡುಗೊರೆ ಅಂತ ಹೇಳು. ಅನುಮಾನ ಬರುವುದಿಲ್ಲ. ಅವನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೋ.

ಹೆದರಿಕೆ ಆಗುತ್ತದೆ ಅಂತ ಬರೆಯಬೇಡ. ಆಗಲಿ. ಅದನ್ನೂ ಜೊತೆಗೆ ಕರೆದುಕೊಂಡು ಹೋಗು. ಹೆದರಿಕೆ ಹೋದ ಮೇಲೆ ಹೊರಡುತ್ತೇನೆ ಅಂತ ಕೂತರೆ ನೀನು ಸಾಯುವವರೆಗೂ ಹೊಸ್ತಿಲು ದಾಟುವುದಿಲ್ಲ.

ಅಕ್ಕ


ಜುಲೈ ೨೭

ಅಕ್ಕ,

ಹೋಗಿದ್ದೆ.

ಮೂರನೆಯ ಮಹಡಿ. ಮೆಟ್ಟಿಲು ಹತ್ತಿದೆ, ಲಿಫ್ಟಿನಲ್ಲಿ ಹೋಗಲು ಮನಸ್ಸಾಗಲಿಲ್ಲ. ಉದ್ದನೆಯ ಪಡಸಾಲೆ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಅವರ ಬಾಗಿಲಿಗೆ ಹೊರಗಡೆಯಿಂದ ಬೀಗ ಹಾಕಿತ್ತು. ಮನೆಯಲ್ಲಿ ಯಾರೂ ಇಲ್ಲ ಅಂತ ನಿಟ್ಟುಸಿರು ಬಿಟ್ಟು ತಿರುಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯೇ ಆಯಿತು. ಆಗ ಒಳಗಿನಿಂದ ಟಿವಿಯ ಸದ್ದು ಕೇಳಿಸಿತು.

ಬಾಗಿಲು ತಟ್ಟಿದೆ.

"ಯಾರು?" ಅವಳದೇ ದನಿ, ಬಾಗಿಲಿಗೆ ತೀರಾ ಹತ್ತಿರದಿಂದ.

"ವೀಡಿಯೋ ಅಂಗಡಿಯವನಮ್ಮ. ನಿಮ್ಮ ತಾಯಿ ಫೋನ್ ಮಾಡಿದ್ರು."

ಒಳಗೆ ಟಿವಿಯಲ್ಲಿ ಯಾರೋ ಹಾಡುತ್ತಿದ್ದರು. ಆಮೇಲೆ, "ಅಮ್ಮನಿಗೆ ಚೆನ್ನಾಗಿದ್ದೀನಿ ಅಂತ ಹೇಳಿ" ಅಂದಳು.

"ಬಾಗಿಲಿಗೆ ಬೀಗ ಇದೆಯಲ್ಲಮ್ಮ."

"ಹೂಂ. ದಿನಾ ಇರುತ್ತೆ."

ಟಿವಿ ಸ್ವಲ್ಪ ಸಣ್ಣಗೆ ಮಾಡಿ, ಮಾತು ಸರಿಯಾಗಿ ಕೇಳಿಸುತ್ತಿಲ್ಲ ಅಂದೆ. ಅದಕ್ಕೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಅದು ಓಡ್ತಾನೇ ಇರಬೇಕು. ಬೆಳಗ್ಗೆ ಅವರೇ ಹಚ್ಚಿ ಹೋಗ್ತಾರೆ. ಎಲ್ಲಿವರೆಗೆ ನೋಡಿದೆ ಅಂತ ಅವರ ಫೋನಲ್ಲಿ ಕಾಣುತ್ತೆ. ಸಂಜೆ ಬಂದು ಕಥೆ ಕೇಳ್ತಾರೆ. ಅವನು ಯಾಕೆ ಹಾಗೆ ಮಾಡಿದ, ಇವಳು ಆಮೇಲೆ ಎಲ್ಲಿಗೆ ಹೋದ್ಲು, ಎಲ್ಲಾ ಕೇಳ್ತಾರೆ. ನಾನು ಕಿಟಕಿ ಹತ್ರ ನಿಂತಿದ್ರೆ ಗೊತ್ತಾಗಿಬಿಡುತ್ತೆ, ಕಥೆ ತಪ್ಪುತ್ತಲ್ಲ."

"ತಪ್ಪಿದ್ರೆ?"

"ನಡುವೆ ನಡುವೆ ಆ ಟಿವೀನೇ ಕೇಳುತ್ತೆ, ಇನ್ನೂ ನೋಡ್ತಾ ಇದ್ದೀರಾ ಅಂತ. ಹೌದು ಅಂತ ಒತ್ತಬೇಕು. ಒತ್ತದಿದ್ರೆ ನಿಂತುಹೋಗುತ್ತೆ. ನಿಂತ್ರೆ ಅವರ ಫೋನ್ ಬರುತ್ತೆ. ಮನೇಲಿರೋ ಫೋನಿಗೆ ಅವರದ್ದು ಮಾತ್ರ ಬರೋದು, ಇದರಿಂದ ನಾನು ಯಾರಿಗೂ ಮಾಡೋಕಾಗಲ್ಲ. ಸ್ನಾನಕ್ಕೂ ಓಡಿ ಹೋಗಿ ಓಡಿ ಬರ್ತೀನಿ."

ನಮ್ಮ ಅಂಗಡಿಯಿಂದ ಸಿನಿಮಾ ತೆಗೆದುಕೊಂಡು ಹೋದವರು ನೋಡಿದರೋ, ನಿದ್ದೆ ಮಾಡಿದರೋ, ಅರ್ಧಕ್ಕೆ ಎದ್ದು ಹೋದರೋ ಅಂತ ಇಷ್ಟು ವರ್ಷದಲ್ಲಿ ನಾನು ಒಬ್ಬರನ್ನೂ ಕೇಳಿಲ್ಲ ಅಕ್ಕ.

ಅಷ್ಟರಲ್ಲಿ ಲಿಫ್ಟು ಮೇಲೆ ಬರುವ ಸದ್ದಾಯಿತು. ಅವಳಿಗೂ ಕೇಳಿಸಿತು. "ಹೋಗಿ, ಹೋಗಿ" ಅಂದಳು. ನಾನು ಓಡಿದೆ. ಎರಡನೆಯ ಮಹಡಿಯಲ್ಲಿ ನಿಂತು ಮೇಲೆ ನೋಡಿದರೆ, ಲಿಫ್ಟಿನಿಂದ ಇಳಿದದ್ದು ತರಕಾರಿ ಚೀಲ ಹಿಡಿದ ಒಬ್ಬ ಮುದುಕಿ. ಆದರೂ ನಾನು ಮತ್ತೆ ಹತ್ತಲಿಲ್ಲ. ಉಡುಗೊರೆ ಅಂತ ಒಯ್ದಿದ್ದ ಸಿನಿಮಾ ಕೈಯಲ್ಲೇ ಉಳಿಯಿತು.

ನಾಳೆ ಶನಿವಾರ. ತಾಯಿಯ ಫೋನು ಬರುತ್ತದೆ. ಏನು ಹೇಳಲಿ?

ತಮ್ಮ


ಆಗಸ್ಟ್ ೪

ತಮ್ಮಾ,

ಇದು ತಲುಪುವಷ್ಟರಲ್ಲಿ ಆ ತಾಯಿಗೆ ನಿಜ ಹೇಳಿರುತ್ತೀಯ ಅಂದುಕೊಂಡಿದ್ದೇನೆ. ಹೇಳಿಲ್ಲವಾದರೆ ಈ ಕಾಗದ ಕೆಳಗಿಟ್ಟು ಮೊದಲು ಆ ಕೆಲಸ ಮಾಡು. ಹೆತ್ತವಳಿಗೆ ಗೊತ್ತಾಗಲಿ. ಪೊಲೀಸರ ಹತ್ತಿರ ಅವಳೇ ಹೋಗಲಿ, ನೀನು ಜೊತೆಗಿರು. ನೀನೊಬ್ಬನೇ ಹೋದರೆ ಯಾರ ಹೆಂಡತಿಯ ವಿಷಯ ಯಾರಿಗೆ ಅಂತ ನಿನ್ನ ಮೇಲೇ ತಿರುಗಿಸುತ್ತಾರೆ.

ಬಾಗಿಲು ತೆರೆದರೆ ತಾಯಿ ಮಗಳನ್ನು ಇಬ್ಬರನ್ನೂ ನೇರ ಇಲ್ಲಿಗೆ ಕಳಿಸು. ತಾಯಿಯ ಮನೆಗೆ ಬೇಡ, ಅವನು ಮೊದಲು ಹುಡುಕುವುದು ಅಲ್ಲೇ. ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನಿನಗೆ ಅಂತ ಹೊಡೆಸಿದ್ದು. ನೀನು ಕೆಳಗೆ ಮಿಷನ್ನುಗಳ ನಡುವೆ ಮಲಗು.

ಓಡಿದೆ ಅಂತ ಬೇಜಾರು ಪಟ್ಟುಕೊಳ್ಳಬೇಡ. ಬಾಗಿಲು ತಟ್ಟಿದ ಮೇಲೆ ತಾನೇ ಓಡಿದ್ದು?

ಅಕ್ಕ


ಆಗಸ್ಟ್ ೨೧

ಅಕ್ಕ,

ಅವರು ಇಬ್ಬರೂ ಈ ಹೊತ್ತಿಗೆ ಬಸ್ಸಿನಲ್ಲಿದ್ದಾರೆ. ಈ ಕಾಗದಕ್ಕಿಂತ ಮೊದಲು ಅವರೇ ನಿನ್ನನ್ನು ಸೇರುತ್ತಾರೆ. ಆದರೂ ಬರೆಯುತ್ತೇನೆ.

ನಿನ್ನ ಕಾಗದ ಬರುವ ಮೊದಲೇ ತಾಯಿಗೆ ಹೇಳಿದ್ದೆ. ಫೋನಿನ ಆ ಕಡೆ ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. "ಬೀಗ ಎಂಥದ್ದು? ದೊಡ್ಡದಾ?" ಅಂತ ಕೇಳಿದರು. ಎರಡು ಮೂರು ವಾರ ಮಂಡಿನೋವಿನಿಂದ ಹಾಸಿಗೆ ಬಿಟ್ಟು ಏಳಲಾಗದೆ, ಎದ್ದ ಮರುದಿನವೇ ಬಸ್ಸು ಹತ್ತಿ ಬಂದರು. ನನ್ನ ಭುಜಕ್ಕೂ ಬಾರದ ಹೆಂಗಸು, ಕೈಯಲ್ಲೊಂದು ಬುತ್ತಿ.

ಠಾಣೆಯಲ್ಲಿ ಮೇಜಿನ ಹಿಂದಿದ್ದವರು ಎಲ್ಲವನ್ನೂ ಕೇಳಿ ಆಕಳಿಸಿದರು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಸ್ವಲ್ಪ ದಿನ ನೋಡಿ."

ತಾಯಿ ಕೂತಲ್ಲಿಂದಲೇ ಹೇಳಿದರು, "ಉಣ್ಣೋಕೆ ಮಲಗೋಕೆ ಮುಂಚೆ ಬಾಗಿಲು ತೆಗೀಬೇಕಲ್ಲ ಸಾರ್. ಅದನ್ನ ತೆಗೆಸಿ ಕೊಡಿ. ಜಗಳ ಅವರೇ ಆಡ್ಕೊಳ್ತಾರೆ."

ಮೂಲೆಯಲ್ಲಿ ಏನೋ ಬರೆಯುತ್ತಿದ್ದ ಮಹಿಳಾ ಪೊಲೀಸ್ ಒಬ್ಬರು ಪೆನ್ನು ಮುಚ್ಚಿ ಎದ್ದರು. "ನಡೀರಿ, ನಾನು ಬರ್ತೀನಿ."

ಮನೆಯ ಮಾಲೀಕನಿಂದ ಸುತ್ತಿಗೆ ತರಿಸಿದರು. ಬೀಗದ ಮೇಲೆ ಮೊದಲ ಏಟು ಬಿದ್ದಾಗ ಒಳಗಿನಿಂದ ಅವಳು ಕೂಗಿದಳು, "ಬೇಡ, ಬೇಡ, ಅವರು ಬರ್ತಾರೆ." ತಾಯಿ ಬಾಗಿಲಿಗೆ ಕೆನ್ನೆ ಒತ್ತಿ, "ನಾನು ಕಣೇ, ಅಮ್ಮ" ಅಂದರು. ಆಮೇಲೆ ಒಳಗೆ ಸದ್ದೇ ಇಲ್ಲ, ಟಿವಿಯದೊಂದು ಬಿಟ್ಟರೆ.

ಬಾಗಿಲು ತೆರೆಯಿತು. ನಾನು ಹೊರಗೇ ನಿಂತಿದ್ದೆ. ಕೋಣೆಯಲ್ಲಿ ಎಲ್ಲಾ ಒಪ್ಪವಾಗಿತ್ತು. ಒಂದೇ ಒಂದು ಕುರ್ಚಿ, ಟಿವಿಗೆ ನೇರ ಎದುರಿಗೆ. ಅವಳು ಅದರ ಹಿಂದೆ ನಿಂತಿದ್ದಳು. ತುಂಬಾ ಇಳಿದುಹೋಗಿದ್ದಳು. ಪೊಲೀಸ್ ಹೆಂಗಸು ಟಿವಿಯ ಕಡೆ ಕೈ ಚಾಚಿದ್ದೇ ತಡ, ಇವಳು ಮಧ್ಯೆ ಬಂದು ಅಡ್ಡ ನಿಂತಳು. "ಆರಿಸಬೇಡಿ. ನಾನು ಹೋಗೋವರೆಗೂ ಓಡ್ತಾ ಇರಲಿ."

ಆದರೆ ಅವಳು ಚೀಲ ತುಂಬುವಷ್ಟರಲ್ಲಿ ಪರದೆ ಕಪ್ಪಾಯಿತು. ಅದರ ಮೇಲೆ ಆ ಪ್ರಶ್ನೆ ಬಂತು. ಉತ್ತರ ಒತ್ತುವ ರಿಮೋಟು ಅವಳ ಕೈಯಲ್ಲೇ ಇತ್ತು ಅಕ್ಕ. ಒತ್ತಲೋ ಬೇಡವೋ ಅನ್ನುವ ಹಾಗೆ ಬೆರಳು ಆಡುತ್ತಿತ್ತು. ತಾಯಿ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು ಕುರ್ಚಿಯ ಮೇಲಿಟ್ಟರು.

ಸ್ವಲ್ಪ ಹೊತ್ತಿಗೇ ಮನೆಯ ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ನಿಂತಿತು. ಮತ್ತೆ ರಿಂಗಾಯಿತು. ಅವಳಿಗೆ ಚಪ್ಪಲಿ ಸಿಗಲಿಲ್ಲ, ಅವನು ಎಲ್ಲಿಟ್ಟಿದ್ದನೋ. ಬರಿಗಾಲಲ್ಲೇ ಹೊರಟಳು. ಲಿಫ್ಟಿನ ಹತ್ತಿರ ಹೋದಾಗ ಅವಳು ಬೇಡ ಅಂತ ತಲೆ ಅಲ್ಲಾಡಿಸಿದಳು. ಮಂಡಿ ಹಿಡಿದುಕೊಂಡ ತಾಯಿ, ಬರಿಗಾಲಿನ ಮಗಳು, ಹಿಂದೆ ನಾನು, ಮೆಟ್ಟಿಲು ಇಳಿದೆವು. ರಸ್ತೆಗೆ ಬಂದರೂ ಮೂರನೆಯ ಮಹಡಿಯ ಆ ಫೋನು ಕಿವಿಯಲ್ಲಿ ಬಡಿದುಕೊಳ್ಳುತ್ತಲೇ ಇತ್ತು.

ಪೊಲೀಸರು ದೂರು ಬರೆದುಕೊಂಡಿದ್ದಾರೆ. ಅವನನ್ನು ಕರೆಸಿದ್ದರಂತೆ. ಸಂಜೆಯೇ ಬಿಟ್ಟರಂತೆ.

ತಮ್ಮ


ಆಗಸ್ಟ್ ೨೮

ನನ್ನ ತಮ್ಮಾ,

ಬಂದರು. ಮೊದಲ ಮೂರು ದಿನ ಅವಳು ಮೇಲಿನ ಕೋಣೆಯಿಂದ ಇಳಿಯಲೇ ಇಲ್ಲ. ನಾನು ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಬರುತ್ತಿದ್ದೆ. ಅವಳು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ತಾನೇ ಹಾಕಿಕೊಳ್ಳಲಿ ಅಂತ ಬಿಟ್ಟೆ. ನಿನ್ನೆ ತಾನಾಗಿ ಕೆಳಗೆ ಬಂದಳು, ಒಂದು ಅಂಗಿಯ ಕಾಲರು ಹೊಲಿದಳು. ಸೊಟ್ಟಗೆ ಹೊಲಿದಳು. ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ. "ಸೊಟ್ಟ ಇದೆ, ನಂಗೂ ಕಾಣುತ್ತೆ" ಅಂದಳು. ಆ ತಾಯಿ ನಕ್ಕಿದ್ದನ್ನು ನೀನು ನೋಡಬೇಕಿತ್ತು.

ಪುಕ್ಕಲ ಅಂತ ಇನ್ನು ಬರೆಯುವುದಿಲ್ಲ. ಬೇಗ ಕಪಾಟು ಖಾಲಿ ಮಾಡಿ ಬಾ. ಕಣ್ಣು ನಿನ್ನ ದಾರಿಯಲ್ಲೇ ಇದೆ.

ನಿನ್ನ
ಅಕ್ಕ


ಸೆಪ್ಟೆಂಬರ್ ೧೯

ಪ್ರೀತಿಯ ಅಕ್ಕ,

ಈ ಕಾಗದವನ್ನು ಮೂರು ಊರಿನ ಆಚೆ ಹೋಗಿ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಗಾಬರಿಯಾಗಬೇಡ.

ಅವನು ಬಂದಿದ್ದ. ಮಧ್ಯಾಹ್ನ. ನಾನು ಡಿವಿಡಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದೆ. ಅದೇ ಇಸ್ತ್ರಿ ಅಂಗಿ, ಅದೇ ತಗ್ಗಿದ ದನಿ. ಸ್ಟೂಲು ಎಳೆದುಕೊಂಡು ನನ್ನ ಮೇಜಿನ ಮುಂದೆ ಕೂತ. ಮೇಜಿನ ಮೇಲೆ ಆಗಷ್ಟೇ ಟಪಾಲಿನವನು ಹಾಕಿಹೋದ ನಿನ್ನ ಕವರು ಇತ್ತು. ನಿನ್ನ ದಪ್ಪ ಅಕ್ಷರದ ವಿಳಾಸ ಮೇಲುಗಡೆಗೇ. ಅವನು ಅದರ ಮೇಲೆ ಮೊಣಕೈ ಊರಿದ.

"ಅವಳು ಎಲ್ಲಿದ್ದಾಳೆ ಅಂತ ನಿಮಗೆ ಗೊತ್ತು," ಅಂದ.

ನನಗೆ ಅವನ ಮುಖ ಕಾಣಲಿಲ್ಲ ಅಕ್ಕ, ಮೊಣಕೈ ಮಾತ್ರ ಕಂಡಿತು. ಗೊತ್ತಿಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ಗೊತ್ತಿಲ್ಲ ಅಂದರೆ ಅವನು ಬೇರೆ ಕಡೆ ಹುಡುಕಲು ಏಳುತ್ತಾನೆ, ಎದ್ದರೆ ಕೈ ತೆಗೆಯುತ್ತಾನೆ, ತೆಗೆದರೆ ಕವರು ಕಾಣುತ್ತದೆ. ಇಷ್ಟೆಲ್ಲ ಯೋಚಿಸಿ ಹೇಳಿದೆ ಅಂತ ಕೊಚ್ಚಿಕೊಳ್ಳುವುದಿಲ್ಲ. ಬಾಯಿಂದ ಬಂದದ್ದು ಇದು:

"ಗೊತ್ತು. ಹೇಳಲ್ಲ."

ಅವನು ತಲೆ ಎತ್ತಿ ನನ್ನನ್ನೇ ನೋಡಿದ. ನಾನೂ ನೋಡಿದೆ. ಕೈಯಲ್ಲಿದ್ದ ಡಿವಿಡಿಗಳ ರಾಶಿಯನ್ನು ಮೇಜಿನ ಮೇಲೆ ಧೊಪ್ಪನೆ ಬಿಟ್ಟೆ. ಅವನು ಕೈ ಹಿಂದಕ್ಕೆಳೆದುಕೊಂಡ. ಕವರು ರಾಶಿಯ ಕೆಳಗಾಯಿತು.

ಸದ್ದು ಕೇಳಿ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಾಕೆ ಬಂದು ಬಾಗಿಲಲ್ಲಿ ನಿಂತರು. ಅವನು ಎದ್ದ. ಹೋಗುವಾಗ ನಕ್ಕ. "ಅಂಗಡಿ ಮುಚ್ತಿದ್ದೀರಂತೆ. ಆಮೇಲೆ ಎಲ್ಲಿಗೆ ಹೋಗ್ತೀರಿ? ನಾನೂ ನೋಡ್ತೀನಿ."

ಅವತ್ತಿನಿಂದ ಎದುರು ರಸ್ತೆಯಲ್ಲಿ ಅವನ ಬೈಕು ನಿಂತಿರುತ್ತದೆ. ಎಲ್ಲಾ ದಿನ ಅಲ್ಲ, ಆದರೆ ಯಾವ ದಿನ ಇರುವುದಿಲ್ಲ ಅಂತ ಹೇಳಲಾಗುವುದಿಲ್ಲ. ನನಗೆ ಯಾವ ಊರಿನಿಂದ ಕಾಗದ ಬರುತ್ತದೆ ಅಂತ ಟಪಾಲಿನವನನ್ನು ಕೇಳಿದನಂತೆ. ಆತ ಒಳ್ಳೆಯವನು, ಕರೆಂಟ್ ಬಿಲ್ಲು ಬರುತ್ತೆ ಅಂದನಂತೆ. ಪೊಲೀಸ್ ಹೆಂಗಸಿಗೆ ಹೇಳಿದ್ದೇನೆ. ರಸ್ತೆಯಲ್ಲಿ ಬೈಕು ನಿಲ್ಲಿಸುವುದು ಅಪರಾಧವಲ್ಲವಲ್ಲ ಅಂತ ಅವರೂ ತಲೆ ಕೆರೆದುಕೊಂಡರು. ಆದರೂ ದಿನಕ್ಕೊಮ್ಮೆ ಈ ಕಡೆ ಬಂದು ಹೋಗುತ್ತಾರೆ. ಇವತ್ತು ಅವನನ್ನು ಠಾಣೆಗೆ ಕರೆಸಿ ಕೂರಿಸಿಕೊಂಡಿದ್ದಾರೆ. ಆ ಧೈರ್ಯದಲ್ಲೇ ನಾನು ಬಸ್ಸು ಹತ್ತಿದ್ದು.

ನಿನ್ನ ಎಲ್ಲಾ ಕವರುಗಳಿಂದ ವಿಳಾಸದ ತುಂಡನ್ನು ಹರಿದು ಒಲೆಗೆ ಹಾಕಿದೆ. ಕಾಗದಗಳನ್ನು ಸುಡಲು ಮನಸ್ಸು ಬರಲಿಲ್ಲ. ಅವು ಇವೆ.

ನಾನು ಅಲ್ಲಿಗೆ ಬರುತ್ತಿಲ್ಲ ಅಕ್ಕ. ಬಂದರೆ ದಾರಿ ತೋರಿಸಿಕೊಂಡು ಬಂದ ಹಾಗಾಗುತ್ತದೆ. ಮೊಬೈಲ್ ಅಂಗಡಿಯಾಕೆ ತಮ್ಮಲ್ಲೇ ಕೂತುಕೊಳ್ಳಿ, ಗಿರಾಕಿ ನೋಡಿಕೊಳ್ಳಿ ಅಂದಿದ್ದಾರೆ. ಒಪ್ಪಿದ್ದೇನೆ. ರಸ್ತೆಗೆ ಚೆನ್ನಾಗಿ ಕಾಣುವ ಕಡೆಗೇ ನನ್ನ ಕುರ್ಚಿ ಹಾಕಿಸಿಕೊಂಡಿದ್ದೇನೆ. ಅವನು ನನ್ನನ್ನು ಕಾಯುತ್ತಿರಲಿ. ನನ್ನನ್ನು ಕಾಯುವಷ್ಟು ದಿನ ಅವನು ಬೇರೆಲ್ಲೂ ಹುಡುಕುವುದಿಲ್ಲ. ಅಷ್ಟರಲ್ಲಿ ಅವಳು ಕಾಲರನ್ನು ನೆಟ್ಟಗೆ ಹೊಲಿಯುವುದು ಕಲಿಯಲಿ, ನ್ಯಾಯಾಲಯದಲ್ಲಿ ಒಂದು ದಾರಿ ಆಗಲಿ.

ಹೆದರಿಕೆ ಹೋಗಿಲ್ಲ. ಬೆಳಗ್ಗೆ ಏಳುವಾಗ ನನಗಿಂತ ಮೊದಲೇ ಎದ್ದು ಕೂತಿರುತ್ತದೆ. ಮುಖ ತೊಳೆದು ಕೆಲಸಕ್ಕೆ ಹೊರಡುತ್ತೇನೆ.

ಈ ಕವರಿನ ಮೇಲೆ ನನ್ನ ವಿಳಾಸವಿಲ್ಲ. ಹೆಸರೂ ಇಲ್ಲ. ನೀನು ಇದಕ್ಕೆ ಉತ್ತರ ಬರೆಯಬೇಡ.

ಬರೆಯಬೇಡ ಅಕ್ಕ. ಟಪಾಲಿನವನು ಬಂದಾಗಲೆಲ್ಲ ನಾನು ತಲೆ ಎತ್ತಿ ನೋಡುತ್ತೇನೆ, ಕಾಗದವಿಲ್ಲ ಅಂತ ಅವನು ಕೈ ಆಡಿಸಿ ಹೋಗುತ್ತಾನೆ. ಹಾಗೆ ಕೈ ಆಡಿಸಿದ ದಿನವೆಲ್ಲ ನೀವು ಮೂವರೂ ಅಲ್ಲಿ ಕ್ಷೇಮ ಅಂತ ತಿಳಿದುಕೊಳ್ಳುತ್ತೇನೆ.

ಎಂದೆಂದೂ ನಿನ್ನ
ತಮ್ಮ